ಯಾರೂ ಕಾಣದ ಮಕ್ಕಳ ಕಳ್ಳ

ಮಕ್ಕಳ ಕಳ್ಳ ಹೇಗಿರುತ್ತಾನೆ ಎಂದು ಮೊಬೈಲ್ ಇರುವ ಯಾರನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ. ಹೆಗಲಿಗೆ ಜೋಳಿಗೆ, ಕಿಸೆಯಲ್ಲಿ ಚಾಕಲೇಟು, ಬಾಯಲ್ಲಿ ಬೇರೆ ಸೀಮೆಯ ಮಾತು. ಶಾಲೆ ಬಿಡುವ ಹೊತ್ತಿಗೆ ಊರ ಹೊರಗೆ ನಿಂತಿರುತ್ತಾನೆ. ಮಗುವಿನ ಮೂಗಿಗೆ ಕರವಸ್ತ್ರ ಹಿಡಿದು ಕಾರಿಗೆ ಹಾಕಿಕೊಂಡು ಹೋಗುತ್ತಾನೆ. ಇಷ್ಟು ವಿವರವಾಗಿ ಗೊತ್ತಿರುವವನನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಬೇರೆ. ರಾಯಬಾಗ ತಾಲೂಕಿನ ಅಲಖನೂರ, ಚಿಂಚಲಿ, ಕುಡಚಿಯ ಕಡೆ ಅದಕ್ಕೆ ಸಿಗುವ ಉತ್ತರ ಒಂದೇ: ‘ಬಾಜೂ ಊರಾಗ ಆಗೇತಂತ.’ ಆ ಬಾಜೂ ಊರಿಗೆ ಹೋದರೆ ಅಲ್ಲಿಯೂ ಇನ್ನೊಂದು ಬಾಜೂ ಊರಿನ ಹೆಸರು ಹೇಳುತ್ತಾರೆ.

ಮೊಬೈಲಿನಲ್ಲಿ ಹರಿದಾಡುವ ಮಕ್ಕಳ ಕಳ್ಳನ ಸಂದೇಶದ ಹುರಿ ಇರುವುದೇ ಈ ‘ಬಾಜೂ ಊರಿ’ನಲ್ಲಿ. ತೀರ ದೂರದ ಊರಾದರೆ ಭಯ ಹುಟ್ಟುವುದಿಲ್ಲ, ಸ್ವಂತ ಊರಾದರೆ ಸುಳ್ಳೆಂದು ಕೂಡಲೇ ತಿಳಿದುಹೋಗುತ್ತದೆ. ಆದ್ದರಿಂದ ಒಂದೇ ಬರಹ ಹೋದಲ್ಲೆಲ್ಲ ಊರಿನ ಹೆಸರೊಂದನ್ನು ಬದಲಿಸಿಕೊಳ್ಳುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದಂಥ ಗಡಿ ತಾಲೂಕುಗಳಲ್ಲಿ ಅದಕ್ಕೆ ಎರಡು ಬಾಯಿ. ಸಾಂಗಲಿ–ಮಿರಜಿನ ಬೀಗರ ಗ್ರೂಪಿನಿಂದ ಮರಾಠಿಯಲ್ಲಿ ಬರುತ್ತದೆ, ಬೆಳಗಾವಿ–ವಿಜಯಪುರದ ಕಡೆಯಿಂದ ಕನ್ನಡದಲ್ಲಿ ಬರುತ್ತದೆ. ಎರಡರಲ್ಲೂ ‘ಟೋಳಿ’ (ಗುಂಪು) ಎಂಬ ಮಾತೊಂದು ಇದ್ದೇ ಇರುತ್ತದೆ. ಒಂದೇ ಸುದ್ದಿ ಎರಡು ಭಾಷೆಯಲ್ಲಿ, ಎರಡು ದಿಕ್ಕಿನಿಂದ ಬಂದಾಗ ಓದುವವರಿಗೆ ಅದು ಎರಡು ಸಾಕ್ಷಿಯಂತೆ ಕಾಣುತ್ತದೆ. ಮೂಲದಲ್ಲಿ ಇರುವುದು ಒಂದೇ ಬರಹ.

ಜೊತೆಗೆ ವಿಡಿಯೊ ಬಂದರೆ ನಂಬಿಕೆ ಗಟ್ಟಿಯಾಗುತ್ತದೆ. 2018ರಲ್ಲಿ ದೇಶದ ತುಂಬ ಹರಿದಾಡಿದ ವಿಡಿಯೊ ಒಂದರಲ್ಲಿ ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಭಾರತದ್ದಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಕಳೆದುಹೋದ ಮಕ್ಕಳಿಗಾಗಿ ದುಡಿಯುವ ‘ರೋಶ್ನಿ’ ಎಂಬ ಸಂಸ್ಥೆ ಜನಜಾಗೃತಿಗೆಂದು ಮಾಡಿಸಿದ ಜಾಹೀರಾತು. ಪೂರ್ತಿ ನೋಡಿದರೆ ಬೈಕು ತಿರುಗಿ ಬರುತ್ತದೆ, ಮಗುವನ್ನು ಇಳಿಸಲಾಗುತ್ತದೆ, ಸವಾರ ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾನೆ. ಮಗು ಮರಳುವ ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಅದೇ ಹೊತ್ತಿಗೆ ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಚಿತ್ರವೊಂದು ‘ಕಿಡ್ನಿ ತೆಗೆದ ಮಕ್ಕಳು’ ಎಂಬ ಒಕ್ಕಣೆಯೊಂದಿಗೆ ಓಡಾಡಿತು. ಅವು 2013ರಲ್ಲಿ ಸಿರಿಯಾದಲ್ಲಿ ನಡೆದ ರಾಸಾಯನಿಕ ದಾಳಿಯಲ್ಲಿ ಸತ್ತ ಮಕ್ಕಳು.

ಕಿಡ್ನಿಯ ಮಾತನ್ನು ಇಲ್ಲೇ ಮುಗಿಸಬಹುದು. ಒಬ್ಬರ ಅಂಗ ಇನ್ನೊಬ್ಬರಿಗೆ ಕೂಡಬೇಕಾದರೆ ಮೊದಲು ರಕ್ತದ ಗುಂಪು, ಅಂಗಾಂಶ ಹೊಂದಬೇಕು. ಶಸ್ತ್ರಚಿಕಿತ್ಸೆಯ ಕೊಠಡಿ, ಅರಿವಳಿಕೆ ತಜ್ಞರು, ನುರಿತ ವೈದ್ಯರ ತಂಡ ಬೇಕು. ತೆಗೆದ ಅಂಗವನ್ನು ಶೀತದಲ್ಲಿಟ್ಟು ಗಂಟೆಗಳ ಲೆಕ್ಕದಲ್ಲಿ ಕಸಿ ಮಾಡಬೇಕು. ಅಂಗಾಂಗದ ಅಕ್ರಮ ದಂಧೆ ದೇಶದಲ್ಲಿ ನಡೆದಿದೆ, ಅದಕ್ಕೆಂದೇ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. ಆದರೆ ಆ ದಂಧೆ ನಡೆದದ್ದು ಬಡವರ ಸಾಲ, ದಲ್ಲಾಳಿ, ಸುಳ್ಳು ಕಾಗದಪತ್ರದ ದಾರಿಯಲ್ಲಿ. ರಸ್ತೆ ಬದಿಯಲ್ಲಿ ಮಗುವಿನ ಹೊಟ್ಟೆ ಕೊಯ್ದು ಡಬ್ಬಿಯಲ್ಲಿ ಕಿಡ್ನಿ ಒಯ್ಯುವುದು ಆಗದ ಮಾತು.

ಇನ್ನು ಸಂದೇಶ ಕೊಡುವ ಗುರುತುಗಳು. ಇವು ನೆಲದ ಮೇಲೆ ಅತಿ ಹೆಚ್ಚು ಅನಾಹುತ ಮಾಡಿವೆ. ಮಗುವನ್ನು ಮಾತಾಡಿಸುವುದು, ತಿಂಡಿ ಕೊಡುವುದು, ದಾರಿ ಕೇಳುವುದು, ಗುರುತಿಲ್ಲದ ಗಾಡಿ ನಿಲ್ಲಿಸುವುದು, ಕನ್ನಡ ಬಾರದಿರುವುದು: ಇವುಗಳಲ್ಲಿ ಒಂದೂ ಅಪರಾಧವಲ್ಲ, ಎಲ್ಲವೂ ದಿನ ಬೆಳಗಾದರೆ ಕಾಣುವಂಥವು. ಕೃಷ್ಣಾ ತೀರದ ಈ ಕಬ್ಬಿನ ಸೀಮೆಯಲ್ಲಂತೂ ಹೊರಗಿನವರಿಲ್ಲದ ತಿಂಗಳೇ ಇಲ್ಲ. ಕಾರ್ಖಾನೆಗಳ ಹಂಗಾಮು ಶುರುವಾದರೆ ಬೀಡ ಜಿಲ್ಲೆಯಿಂದ, ವಿಜಯಪುರದ ಒಣಭೂಮಿಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಕುಟುಂಬಸಮೇತ ಬಂದು ಹೊಲದಂಚಿನಲ್ಲಿ ಗುಡಿಸಲು ಹಾಕುತ್ತವೆ. ಮಾಘದಲ್ಲಿ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಭಕ್ತರ ಸಾಲು ಇಳಿಯುತ್ತದೆ. ಆಷಾಢದಲ್ಲಿ ದಿಂಡಿಗಳು ಪಂಢರಪುರದ ದಾರಿ ಹಿಡಿಯುತ್ತವೆ. ಇವರಲ್ಲದೆ ಗೊಂದಲಿಗರು, ಬುಡಬುಡಕಿಯವರು, ದುರಗಮುರಗಿಯವರು, ಕೌಲೆತ್ತಿನವರು, ನಾಥಪಂಥದ ಗೋಸಾವಿಗಳು.

ಹೀಗೆ ಊರೂರು ತಿರುಗುವವರಲ್ಲಿ ಹೆಳವರ ವಿಷಯವನ್ನು ತುಸು ಬಿಡಿಸಿಯೇ ಹೇಳಬೇಕು. ಎತ್ತಿನ ಮೇಲೆ ಕುಳಿತು, ಕಂಬಳಿಯಲ್ಲಿ ಕಾಲು ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಮನೆ ಮುಂದೆ ನಿಲ್ಲುವ ಹೆಳವ ಆ ಮನೆತನದ ವಂಶಾವಳಿ ಹೇಳುತ್ತಾನೆ. ಮೂಲಪುರುಷ ಯಾವ ಊರಿಂದ ಬಂದ, ಅವನಿಗೆ ಎಷ್ಟು ಮಕ್ಕಳು, ಯಾವ ಮಗ ಎಲ್ಲಿಗೆ ಹೋಗಿ ನೆಲೆಸಿದ ಎಂಬ ಲೆಕ್ಕ ಅವನ ನಾಲಗೆಯ ಮೇಲಿರುತ್ತದೆ, ಇಲ್ಲವೇ ಚೀಲದಲ್ಲಿ ಸುತ್ತಿಟ್ಟ ಹಳೆಯ ಪುಸ್ತಕದಲ್ಲಿರುತ್ತದೆ. ಹೋದ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಅದಕ್ಕೆ ಸೇರಿಸಿಕೊಳ್ಳುತ್ತಾನೆ. ಮೊರದಲ್ಲಿ ಜೋಳ ತಂದು ಹಾಕುವ ಮನೆಯವರಿಗೆ ತಮ್ಮ ಮುತ್ತಜ್ಜನ ಹೆಸರು ಅವನ ಬಾಯಿಂದಲೇ ಗೊತ್ತಾಗುತ್ತದೆ. ಹೊಸ ಸಂದೇಶದ ಗುರುತುಗಳನ್ನು ಈತನಿಗೆ ಹಚ್ಚಿ ನೋಡಬೇಕು. ಪರಊರಿನವನು, ಹೆಗಲಲ್ಲಿ ಚೀಲ, ಮನೆಯ ಮಕ್ಕಳ ಹೆಸರು, ಎಣಿಕೆ ಕೇಳುತ್ತಾನೆ. ಒಂದೂ ತಪ್ಪದೆ ಹೊಂದುತ್ತವೆ.

ಅಂಥದೇ ಅಲೆಮಾರಿಗಳ ಮೇಲೆ ಈ ಗುರುತುಗಳು ಬಿದ್ದದ್ದು 2018ರ ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ. ಅಂದು ಭಾನುವಾರದ ಸಂತೆ. ಬಸ್ಸಿಳಿದ ಡವರಿ ಗೋಸಾವಿಗಳಲ್ಲಿ ಒಬ್ಬರು ಚಿಕ್ಕ ಹುಡುಗಿಯೊಬ್ಬಳನ್ನು ಮಾತಾಡಿಸಿದರು. ಜನ ಸೇರಿತು. ಐವರನ್ನು ಗ್ರಾಮ ಪಂಚಾಯತಿ ಕಚೇರಿಯೊಳಗೆ ಎಳೆದೊಯ್ದು ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿದ್ದ ಮಂಗಳವಾಡ ಎಂದು ಕನ್ನಡಿಗರು ನೆನೆಯುವ ಊರು ಅದು. ಭಿಕ್ಷೆಗಾಗಿ ನೂರಾರು ಮೈಲಿ ತಿರುಗುವುದು ಅವರ ಕುಲಕಸುಬು.

ಕರ್ನಾಟಕದಲ್ಲಿ ಆ ವರ್ಷ ಇದೇ ಸಂಶಯಕ್ಕೆ ಆದ ಮೊದಲ ಸಾವು ಬೆಂಗಳೂರಿನದು. ಮೇ 23ರಂದು ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನ ಕೈಕಾಲು ಕಟ್ಟಿ, ಬೀದಿಯಲ್ಲಿ ಎಳೆದಾಡಿ ಹೊಡೆದರು. ಎರಡನೆಯದು ಬೀದರ ಜಿಲ್ಲೆಯ ಮುರ್ಕಿಯದು. ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ಹಂದಿಕೇರಾ ಬಳಿ ಕಾರು ನಿಲ್ಲಿಸಿತು. ಅವರಲ್ಲೊಬ್ಬ ಕತಾರಿನಿಂದ ತಂದಿದ್ದ ಚಾಕಲೇಟನ್ನು ಮಕ್ಕಳಿಗೆ ಹಂಚಿದ. ಅನುಮಾನಪಟ್ಟ ಜನರಿಂದ ತಪ್ಪಿಸಿಕೊಂಡು ಕಾರು ಹೊರಟಿತು, ಅದು ತಲುಪುವ ಮೊದಲೇ ಅದರ ವಿಡಿಯೊ ಮುಂದಿನೂರಿನ ವಾಟ್ಸಾಪ್ ಗ್ರೂಪಿಗೆ ತಲುಪಿತು. ಮುರ್ಕಿಯಲ್ಲಿ ರಸ್ತೆ ಕಟ್ಟಿದ್ದರು. ಕಾರು ಉರುಳಿತು. ಕಮಲನಗರ ಠಾಣೆಯ ಪೊಲೀಸರು ಅಡ್ಡ ನಿಂತು ತಾವೂ ಪೆಟ್ಟು ತಿಂದರು. ಆದರೂ 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಬಿಟ್ಟರು. ಮಕ್ಕಳಿಗೆ ಚಾಕಲೇಟು ಕೊಟ್ಟದ್ದನ್ನು ಅಲ್ಲಿನ ಜನ ನಿಜವಾಗಿ ಕಂಡರು. ಕಳ್ಳತನವನ್ನು ಮಾತ್ರ ಮೊಬೈಲಿನಲ್ಲಿ ಮೊದಲೇ ಓದಿಕೊಂಡಿದ್ದರು.

ಅಥಣಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಇಂಥದು ನಡೆದದ್ದು ನಾಲ್ಕು ವರ್ಷದ ಮೇಲೆ, 2022ರ ಸೆಪ್ಟೆಂಬರ್ 13ರಂದು. ವಿಜಯಪುರದಿಂದ ಪಂಢರಪುರಕ್ಕೆ ಕಾರಿನಲ್ಲಿ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳು ಲವಂಗಾ ಎಂಬ ಹಳ್ಳಿಯಲ್ಲಿ ಒಬ್ಬ ಹುಡುಗನಿಗೆ ದಾರಿ ಕೇಳಿದರು. ಜತ್ತದ ಈ ಹಳ್ಳಿಗಳಲ್ಲಿ ಮನೆಮಾತು ಬಹುಪಾಲು ಕನ್ನಡ, ಕಚೇರಿಯ ಮಾತು ಮರಾಠಿ, ಸಾಧುಗಳದು ಹಿಂದಿ. ಮಾತು ಬೆಳೆದು ಜನ ಸೇರಿ ಕೋಲು, ಬೆಲ್ಟುಗಳಿಂದ ಹೊಡೆದರು. ಉಮದಿ ಪೊಲೀಸರು ಬಂದು ವಿಚಾರಿಸಿದಾಗ ಅವರು ನಿಜವಾಗಿಯೂ ಅಖಾಡವೊಂದಕ್ಕೆ ಸೇರಿದ ಸಾಧುಗಳೆಂದು ತಿಳಿಯಿತು. ಪೆಟ್ಟು ತಿಂದವರು ದೂರು ಕೊಡಲಿಲ್ಲ, ಪೊಲೀಸರೇ ಪ್ರಕರಣ ದಾಖಲಿಸಿದರು. ಶತಮಾನಗಳಿಂದ ವಿಠ್ಠಲನ ಯಾತ್ರಿಕರಿಗೆ ನೀರು, ನೆರಳು ಕೊಟ್ಟ ದಾರಿಯಲ್ಲಿ ಇಂಥದು ಆಯಿತೆಂಬುದು ಈ ಸೀಮೆಗೆ ನೋವಿನ ಸಂಗತಿ.

ಈ ಭಯ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಊಟಕ್ಕೆ ಹಟ ಮಾಡುವ ಮಗುವಿಗೆ ‘ಗೋಸಾವಿ ಬಂದ, ಜೋಳಿಗ್ಯಾಗ ಹಾಕ್ಕೊಂಡ ಹೋಗ್ತಾನ’ ಎಂದು ಹೆದರಿಸುವ ರೂಢಿ ಹಳೆಯದು. ಸೇತುವೆ, ಅಣೆಕಟ್ಟಿನ ಕೆಲಸ ನಡೆದಾಗ ಬುನಾದಿಗೆ ಮಕ್ಕಳ ಬಲಿ ಬೇಕಂತೆ ಎಂಬ ಗುಸುಗುಸು ಬ್ರಿಟಿಷರ ಕಾಲದಲ್ಲೂ ಎದ್ದಿತ್ತು; ಕೆರೆಗೆ ಸೊಸೆಯನ್ನೇ ಹಾರವಾಗಿಸಿದ ಜನಪದ ಕಥನಗೀತೆ ಇರುವ ನಾಡಿನಲ್ಲಿ ಅಂಥ ಮಾತಿಗೆ ಕಿವಿಗಳು ಸಿದ್ಧವಿದ್ದವು. 1990ರ ದಶಕದಲ್ಲಿ ದೆವ್ವದ ಭಯಕ್ಕೆ ಕರ್ನಾಟಕದ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯಲಾಯಿತು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ಸುದ್ದಿ ಒಂದೇ ದಿನದಲ್ಲಿ ಫೋನಿನ ಮೂಲಕ ದೇಶ ಸುತ್ತಿತು. 2012ರ ಆಗಸ್ಟಿನಲ್ಲಿ ಮೊಬೈಲ್ ಸಂದೇಶಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಸರ್ಕಾರ ಆಗ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೆಲ ದಿನ ತಡೆ ಹಾಕಿತ್ತು.

2016ರ ನಂತರ ಬದಲಾದದ್ದು ವೇಗ. ಆ ವರ್ಷದ ಏಪ್ರಿಲ್‌ನಲ್ಲಿ ವಾಟ್ಸಾಪ್ ತನ್ನ ಸಂದೇಶಗಳನ್ನು ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದಲಾಗದಂತೆ ಬೀಗ ಹಾಕಿತು; ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಇಂಟರ್ನೆಟ್ ಹಳ್ಳಿಗೂ ಅಗ್ಗವಾಯಿತು. ಡೇರಿಯ ಗ್ರೂಪು, ಸಂಘದ ಗ್ರೂಪು, ಗೆಳೆಯರ ಬಳಗದ ಗ್ರೂಪು, ಆಗ ಒಂದೊಂದರಲ್ಲಿ 256 ಜನರವರೆಗೆ. ಮಕ್ಕಳ ಕಳ್ಳನ ಸಂದೇಶ ಕಳಿಸಿದವರು ಕೆಟ್ಟವರಲ್ಲ. ಬಹುತೇಕರು ತಮ್ಮ ಅಣ್ಣ, ಅಕ್ಕ, ನೆರೆಮನೆಯವರ ಮಕ್ಕಳ ಮೇಲಿನ ಕಾಳಜಿಯಿಂದಲೇ ಮುಂದೂಡಿದರು. ಪರಿಚಿತರಿಂದ ಬಂದ ಮಾತೆಂದೇ ಓದಿದವರು ನಂಬಿದರು.

ಮಕ್ಕಳು ಕಾಣೆಯಾಗುವುದೇ ಇಲ್ಲವೆಂದಲ್ಲ. ‘ಇಷ್ಟು ಸಾವಿರ ಅಪಹರಣ’ ಎಂದು ಸಂದೇಶಗಳಲ್ಲಿ ಬರುವ ಅಂಕಿಯ ಒಳಗೇನಿದೆ ಎಂಬುದು ಮುಖ್ಯ. 2013ರ ಮೇ 10ರಂದು ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗು ಕಾಣೆಯಾದ ದೂರು ಬಂದರೆ ಅಪಹರಣವಾಗಿರಬಹುದೆಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಹೇಳಿತು. ಅಂದಿನಿಂದ ಸಿಟ್ಟಿನಲ್ಲಿ ಮನೆ ಬಿಟ್ಟ ಹುಡುಗನೂ, ಪರೀಕ್ಷೆಗೆ ಹೆದರಿ ರೈಲು ಹತ್ತಿದವನೂ ಅಪಹರಣದ ಪಟ್ಟಿಯಲ್ಲಿ ಬರುತ್ತಾರೆ. ಹದಿನೆಂಟು ತುಂಬದ ಹುಡುಗಿ ಮೆಚ್ಚಿದವನ ಜೊತೆ ಹೋದರೂ ಅದು ಅಪಹರಣವೆಂದೇ ದಾಖಲಾಗುತ್ತದೆ. ಇದು ಒಳ್ಳೆಯ ನಿಯಮ, ಹುಡುಕಾಟ ಬೇಗ ಶುರುವಾಗಲೆಂದು ಮಾಡಿದ್ದು. ಆದರೆ ಆ ಅಂಕಿಯನ್ನು ಜೋಳಿಗೆಯವನ ಲೆಕ್ಕಕ್ಕೆ ಬರೆಯುವುದು ತಪ್ಪು. ಮಕ್ಕಳಿಗೆ ನಿಜವಾದ ಅಪಾಯ ಬಹಳ ಸಲ ಬರುವುದು ಗುರುತಿನವರಿಂದ: ಕೆಲಸ ಕೊಡಿಸುವೆನೆಂಬ ದಲ್ಲಾಳಿ, ಸಂಬಂಧಿ, ಆಸ್ಪತ್ರೆಯಲ್ಲಿ ಬಾಣಂತಿಯ ಪಕ್ಕ ಸ್ನೇಹ ಬೆಳೆಸಿ ಹಸುಗೂಸು ಒಯ್ಯುವ ಹೆಂಗಸು. ಇವರ ಬಗ್ಗೆ ಎಚ್ಚರಿಸುವ ಸಂದೇಶ ಅಪರೂಪ.

ಜನ ಕಣ್ಣಾರೆ ಕಾಣುವ ‘ಮಗು ತಪ್ಪಿದ’ ಪ್ರಸಂಗ ಜಾತ್ರೆಯದು. ಅಳುತ್ತಿರುವ ಮಗುವನ್ನು ಯಾರೋ ಅಪರಿಚಿತರು ಎತ್ತಿಕೊಂಡು, ಕೈಗೊಂದು ಬತ್ತಾಸು ಕೊಟ್ಟು, ಮೈಕು ಇರುವಲ್ಲಿಗೆ ತರುತ್ತಾರೆ. ಕೆಂಪು ಅಂಗಿ, ಕಾಲಲ್ಲಿ ಗೆಜ್ಜೆ ಎಂದು ಮೈಕಿನಲ್ಲಿ ಕೂಗುತ್ತಾರೆ, ತಾಯಿ ಓಡಿಬರುತ್ತಾಳೆ. ಗೊತ್ತಿಲ್ಲದ ಮಗುವಿಗೆ ತಿಂಡಿ ಕೊಟ್ಟು ಎತ್ತಿಕೊಂಡು ನಡೆಯುವುದು ಇಲ್ಲಿ ಮಗುವನ್ನು ಉಳಿಸುವ ಕೆಲಸ. ಮೊಬೈಲಿನ ಪಟ್ಟಿಯಲ್ಲಿ ಅದೇ ಕಳ್ಳನ ಲಕ್ಷಣ. ಇಂದು ಕಳೆದುಹೋದ ಮಗು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೂ, ಯಾರ ಮೇಲಾದರೂ ಸಂಶಯ ಬಂದವರು 112ಕ್ಕೂ ಕರೆ ಮಾಡಬಹುದು.

2018ರ ಸಾವುಗಳ ಬಳಿಕ ಕೆಲವು ತಡೆಗಳು ಬಂದವು. ಆ ಜುಲೈನಲ್ಲಿ ವಾಟ್ಸಾಪ್ ‘ಫಾರ್ವರ್ಡೆಡ್’ ಎಂಬ ಗುರುತು ತಂದು, ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿ ಹಾಕಿತು. ಬಹಳ ಸಲ ಮುಂದೂಡಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ 2020ರ ಏಪ್ರಿಲ್‌ನಲ್ಲಿ ಮಾಡಿತು. 2018ರ ಜುಲೈ 17ರಂದು ತಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಜಿಲ್ಲೆಗೆ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ಹೊಣೆಗಾರರಾಗಿ ನೇಮಿಸಲು ಆದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಮು, ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಮಾಡುವ ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸುತ್ತದೆ.

ಕಾಯ್ದೆಗಿಂತ ಮೊದಲು ಜೀವ ಉಳಿಸಿದ ಉದಾಹರಣೆಗಳೂ 2018ರಲ್ಲೇ ಇವೆ. ರಾಯಿನಪಾಡಾದ ಕೊಲೆ ನಡೆದ ದಿನವೇ ಮಾಲೇಗಾಂವದಲ್ಲಿ, ಮಗುವೊಂದಿದ್ದ ಐವರ ಅಲೆಮಾರಿ ಕುಟುಂಬವನ್ನು ಗುಂಪು ಸುತ್ತುವರಿದಾಗ ಅಲ್ಲಿಯ ನಿವಾಸಿಯೊಬ್ಬರು ಅವರನ್ನು ಒಳಗೆ ಸೇರಿಸಿಕೊಂಡು ಬಾಗಿಲು ಹಾಕಿದರು. ಪೊಲೀಸರು ಬಂದು ಬಿಡಿಸಿದರು. ರಾಯಚೂರಿಗೆ ಹೊಂದಿದ ತೆಲಂಗಾಣದ ಗದ್ವಾಲದಲ್ಲಿ, ಅಥಣಿ–ಕುಡಚಿಯ ಇದೇ ಕೃಷ್ಣೆ ಮುಂದೆ ಹರಿದು ಸೇರುವ ಸೀಮೆಯಲ್ಲಿ, ಆಗಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ರೆಮಾ ರಾಜೇಶ್ವರಿ ಹಳ್ಳಿಗೊಬ್ಬ ಪೇದೆಯನ್ನು ಗೊತ್ತುಮಾಡಿದರು. ಆ ಪೇದೆಗಳು ಊರಿನ ವಾಟ್ಸಾಪ್ ಗ್ರೂಪಿಗೆ ಸೇರಿಕೊಂಡು ಬಂದ ವಿಡಿಯೊ ಎಲ್ಲಿಯದೆಂದು ಅಲ್ಲೇ ತಿಳಿಸಿದರು. ಓದುಬಾರದವರಿಗೆ ಅದನ್ನು ಮುಟ್ಟಿಸಲು ಜನಪದ ಹಾಡುಗಾರರು ತಮಟೆ ಹಿಡಿದು ಊರೂರು ತಿರುಗಿದರು. ನಾನೂರಕ್ಕೂ ಹೆಚ್ಚು ಹಳ್ಳಿಗಳ ಆ ಭಾಗದಲ್ಲಿ ಮಕ್ಕಳ ಕಳ್ಳನೆಂದು ಒಬ್ಬರನ್ನೂ ಕೊಲ್ಲಲಿಲ್ಲ.