ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶ ಕುಸಿಯುವುದೇಕೆ?

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರುವಾಸಿ. ವಿದ್ವಾನ್ ಆರ್.ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಇಲ್ಲಿಯೇ. ಅಂಥ ನುರಿತ ಗಾಯಕರು ಒಂದೇ ಉಸಿರಿನಲ್ಲಿ ದೀರ್ಘ ಸಂಗತಿಯೊಂದನ್ನು ಹಾಡಿ ಮುಗಿಸಿದಾಗಲೂ ಶ್ವಾಸಕೋಶ ಬರಿದಾಗಿರುವುದಿಲ್ಲ. ಎಷ್ಟೇ ಬಲವಾಗಿ ಉಸಿರು ಬಿಟ್ಟರೂ ವಯಸ್ಕರಲ್ಲಿ ಸುಮಾರು 1.2 ಲೀಟರ್ ಗಾಳಿ ಒಳಗೇ ಉಳಿಯುತ್ತದೆ. ವಾಯುಕೋಶಗಳು ಮುಚ್ಚಿಕೊಳ್ಳದಂತೆ ಈ ಶೇಷವಾಯು ನೆರವಾಗುತ್ತದೆ.

ಆದರೆ ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದ ಒಂದು ಭಾಗ ಗಾಳಿಯಿಲ್ಲದೆ ಕುಸಿಯಬಹುದು. ಇದೇ ಎಟೆಲೆಕ್ಟೇಸಿಸ್. ಅರಿವಳಿಕೆ ಕೊಟ್ಟ ಐದೇ ನಿಮಿಷಗಳಲ್ಲಿ ಇದು ಸಣ್ಣ ಪ್ರಮಾಣದಲ್ಲಿ ಆರಂಭವಾಗುವುದನ್ನು ಸ್ವೀಡನ್ನಿನ ಸಂಶೋಧಕರು 1985ರಲ್ಲಿ ಸಿ.ಟಿ. ಚಿತ್ರಗಳಲ್ಲಿ ತೋರಿಸಿದರು. ಬಳಿಕ ಗಾಯದ ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಕಫ ನಿಂತು ನಾಳ ಕಟ್ಟಿಕೊಳ್ಳುತ್ತದೆ. ಇದು ಸಾಮಾನ್ಯ ಕಾರಣ. ಅಷ್ಟಾಗಿ ಪರಿಚಿತವಲ್ಲದ ಕಾರಣಗಳೂ ಇವೆ.

ಮೊದಲನೆಯದು ಆಕ್ಸಿಜನ್! ಗಾಳಿಯಲ್ಲಿ ಶೇಕಡಾ 78ರಷ್ಟಿರುವ ನೈಟ್ರೊಜನ್ನನ್ನು ರಕ್ತ ಬಹಳ ನಿಧಾನವಾಗಿ ಹೀರುತ್ತದೆ. ಆದ್ದರಿಂದ ಅದು ವಾಯುಕೋಶಕ್ಕೆ ಊರುಗೋಲಿನಂತೆ ಆಸರೆ. ಅರಿವಳಿಕೆಗೆ ಮುನ್ನ ಶುದ್ಧ ಆಕ್ಸಿಜನ್ ಕೊಟ್ಟಾಗ ನೈಟ್ರೊಜನ್ ಹೊರಹೋಗುತ್ತದೆ. ಆಗ ಕಿರುನಾಳವೊಂದು ಮುಚ್ಚಿಕೊಂಡರೆ ಒಳಗೆ ಸಿಕ್ಕಿಬಿದ್ದ ಆಕ್ಸಿಜನ್ನನ್ನು ರಕ್ತ ಬೇಗನೆ ಹೀರಿಬಿಡುತ್ತದೆ, ವಾಯುಕೋಶ ಕುಸಿಯುತ್ತದೆ.

ಎರಡನೆಯದು ಕೊಳವೆ. ಬಲ ಶ್ವಾಸನಾಳ ಎಡದ್ದಕ್ಕಿಂತ ಅಗಲ, ಹೆಚ್ಚು ನೇರ. ಗಂಟಲಿನಲ್ಲಿ ಇಳಿಸಿದ ಕೊಳವೆ ಆಳಕ್ಕೆ ಜಾರಿ ಅದರೊಳಗೆ ಹೊಕ್ಕರೆ ಎಡ ಶ್ವಾಸಕೋಶಕ್ಕೆ ಗಾಳಿ ತಲುಪದು. ಕಳಚಿಬಿದ್ದ ಹಲ್ಲು, ಹೆಪ್ಪುಗಟ್ಟಿದ ರಕ್ತ ಕೂಡ ನಾಳವನ್ನು ಮುಚ್ಚಬಲ್ಲವು.

ಮೂರನೆಯದು ನರ. ಭುಜದ ಶಸ್ತ್ರಚಿಕಿತ್ಸೆಗೆಂದು ಕುತ್ತಿಗೆಯ ಬಳಿ ಕೊಟ್ಟ ಮರಗಟ್ಟಿಸುವ ಮದ್ದು ವಪೆಯ ನರಕ್ಕೂ ಹರಡಬಹುದು. ಆ ಬದಿಯ ವಪೆ ಕೆಲವು ಗಂಟೆ ನಿಶ್ಚಲವಾಗುತ್ತದೆ.

ಕುಸಿತದ ಇನ್ನೊಂದು ಬಗೆಯೇ ಇದೆ: ನ್ಯೂಮೊಥೊರಾಕ್ಸ್. ಕುತ್ತಿಗೆಯ ದೊಡ್ಡ ಅಭಿಧಮನಿಗೆ ಚುಚ್ಚುವಾಗ ಸೂಜಿ ಶ್ವಾಸಕೋಶಕ್ಕೆ ತಾಗಿದರೆ ಗಾಳಿ ಎದೆಗೂಡಿನೊಳಗೆ ಸೋರಿ ಶ್ವಾಸಕೋಶವನ್ನು ಹೊರಗಿನಿಂದ ಅದುಮುತ್ತದೆ. ದೊಡ್ಡ ಎಟೆಲೆಕ್ಟೇಸಿಸ್‌ನಲ್ಲಿ ಶ್ವಾಸನಾಳ ಕುಸಿದ ಕಡೆಗೇ ಸರಿಯುತ್ತದೆ. ಒತ್ತಡ ಏರಿದ ನ್ಯೂಮೊಥೊರಾಕ್ಸ್‌ನಲ್ಲಿ ಎದುರು ಬದಿಗೆ. ಈ ವ್ಯತ್ಯಾಸಕ್ಕೆ ಪ್ರಾಣದ ಬೆಲೆಯಿದೆ: ಮೊದಲನೆಯದರಲ್ಲಿ ಯಂತ್ರದಿಂದ ಒತ್ತಡದ ಗಾಳಿ ಕೊಟ್ಟರೆ ಅನುಕೂಲವಾಗಬಹುದು, ಎರಡನೆಯದರಲ್ಲಿ ಅದೇ ಅಪಾಯ. ಅಲ್ಲಿ ಸೋರಿದ ಗಾಳಿಯನ್ನು ಹೊರತೆಗೆಯಬೇಕು.

ಸಾಮಾನ್ಯ ಬಗೆಯ ಕುಸಿತವನ್ನು ತಡೆಯುವ ಉಪಾಯ ಸರಳ. ವೈದ್ಯರ ಸೂಚನೆಯಂತೆ ಬೇಗ ಎದ್ದು ಕೂರುವುದು, ಆಳವಾಗಿ ಉಸಿರೆಳೆಯುವುದು, ಗಾಯದ ಮೇಲೆ ದಿಂಬು ಒತ್ತಿಹಿಡಿದು ಕೆಮ್ಮುವುದು. ಏದುಸಿರು ಹೆಚ್ಚಿದರೆ ಮಾತ್ರ ನೋವಿನಿಂದ ಇರಬಹುದೆಂದು ಸುಮ್ಮನಿರದೆ ಕೂಡಲೇ ವೈದ್ಯರಿಗೆ ತಿಳಿಸಬೇಕು.