ಇ-ತ್ಯಾಜ್ಯ ವಿಲೇವಾರಿ: ಮರುಸಂಸ್ಕರಣಾ ಘಟಕದ ಆಯ್ಕೆ

ದಿನಾಂಕ 1-4-2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರನ್ವಯ, ಆರ್ಥಿಕ ವರ್ಷದ ಯಾವುದೇ ಸಮಯದಲ್ಲಿ ಅನುಸೂಚಿತ ಉಪಕರಣಗಳನ್ನು ಕನಿಷ್ಠ 1,000ದಷ್ಟು ಬಳಸಿದ ಸಂಸ್ಥೆಯು ಬೃಹತ್ ಬಳಕೆದಾರ ಎನಿಸುವುದು. ಅಂತಹ ಸಂಸ್ಥೆಯು ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ನವೀಕರಣಕಾರರು ಅಥವಾ ಮರುಸಂಸ್ಕರಣಾ ಘಟಕಗಳಿಗೆ ಮಾತ್ರ ಹಸ್ತಾಂತರಿಸತಕ್ಕದ್ದು. ಘಟಕವು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪಡೆದಿರುವ ನೋಂದಣಿಯ ಅವಧಿ ಹಾಗೂ ಅನುಮತಿಸಿದ ಸಾಮರ್ಥ್ಯವನ್ನು ಒಪ್ಪಂದಕ್ಕೆ ಮುನ್ನ ಪರಿಶೀಲಿಸುವುದು.

ಗರಿಷ್ಠ ಬೆಲೆಯೊಂದನ್ನೇ ನೋಡಿ ಹರಾಜು ಮಾಡುವ ರೂಢಿ ಸೂಕ್ತವಲ್ಲ. ತಂತಿಗಳನ್ನು ಬಯಲಿನಲ್ಲಿ ಸುಟ್ಟು, ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವವರಿಗೆ ಸುರಕ್ಷತೆಯ ವೆಚ್ಚವೇ ಇರುವುದಿಲ್ಲ. ಆದುದರಿಂದಲೇ ಅವರು ಹೆಚ್ಚು ಬೆಲೆ ನೀಡಬಲ್ಲರು. ಅದರಿಂದ ಹೊರಬೀಳುವ ಸೀಸವು ಕಾರ್ಮಿಕರ ದೇಹವನ್ನೂ ಸುತ್ತಲಿನ ಮಣ್ಣನ್ನೂ ಸೇರುತ್ತದೆ. ಹಾರ್ಡ್ ಡಿಸ್ಕ್‌ಗಳಲ್ಲಿನ ಗ್ರಾಹಕರ ಮಾಹಿತಿಯನ್ನು ನಾಶಪಡಿಸಿದ ಬಗ್ಗೆ, ಪ್ರತಿ ಡಿಸ್ಕ್‌ನ ಕ್ರಮಸಂಖ್ಯೆ ಸಹಿತ, ಲಿಖಿತ ಪ್ರಮಾಣಪತ್ರ ಪಡೆಯುವುದು.