ಅಗಥಾನನ ಮನೆಯ ಪಾನಗೋಷ್ಠಿ

ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ತರಗತಿಯಲ್ಲಿ ಆ ಭಾಗ ಬಂದಾಗಲೆಲ್ಲ ನಾನು ಗ್ರೀಕರ ಪಾನಗೋಷ್ಠಿಯೊಂದನ್ನು ನೆನೆಯುತ್ತಿದ್ದೆ. ಪ್ಲೇಟೋವಿನ 'ಸಿಂಪೋಸಿಯಂ' ಎಂಬ ಸಂವಾದದಲ್ಲಿ ಬರುವುದು ಅದು. ಆ ಪದಕ್ಕೆ ಕೂಡಿ ಕುಡಿಯುವುದೆಂದೇ ಅರ್ಥ. ನಾವಾದರೋ ಆ ಹೆಸರಿನ ಸಭೆಗಳಲ್ಲಿ ಕಾಫಿ ಕುಡಿದು ಆಕಳಿಸುತ್ತೇವೆ!

ಕ್ರಿ.ಪೂ. 416ರಲ್ಲಿ ಅಥೆನ್ಸಿನ ನಾಟಕೋತ್ಸವದಲ್ಲಿ ತರುಣ ಕವಿ ಅಗಥಾನನ ಮೊದಲ ರುದ್ರನಾಟಕವೇ ಬಹುಮಾನ ಗಳಿಸಿತು. ಗೆಳೆಯರು ಅವನ ಮನೆಯಲ್ಲಿ ನೆರೆದರು. ಹಿಂದಿನ ದಿನದ ಅಮಲೇ ಇನ್ನೂ ಇಳಿದಿರಲಿಲ್ಲ. ಕುಡಿಯಲು ಯಾರಿಗೂ ಬಲವಂತವಿಲ್ಲ, ಪ್ರೇಮದೇವತೆಯನ್ನು ಕುರಿತು ಒಬ್ಬೊಬ್ಬರೂ ಮಾತನಾಡತಕ್ಕದ್ದು ಎಂದು ಗೊತ್ತಾಯಿತು. ಗ್ರೀಕರು ದ್ರಾಕ್ಷಿಯ ಮದ್ಯಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಕಿಯೋಸ್, ಥಾಸೋಸ್ ದ್ವೀಪಗಳ ಹೆಸರಾಂತ ಮದ್ಯವನ್ನೂ ಬೆರೆಸದೆ ಕುಡಿಯುವುದು ಅನಾಗರಿಕವೆನಿಸುತ್ತಿತ್ತು. ಮಾತಿಗೆ ಎಡೆಯುಳಿದದ್ದು ಈ ನೀರಿನಿಂದ.

ಆ ಪಂಕ್ತಿಯಲ್ಲಿ ವಿನೋದ ನಾಟಕಗಳ ಕವಿ ಅರಿಸ್ಟೋಫನೀಸನೂ ಇದ್ದ. ಐದು ವರ್ಷಗಳ ಮೇಲೆ, 411ರಲ್ಲಿ, ಇದೇ ಅಗಥಾನನಿಗೆ ಹೆಣ್ಣುಡುಗೆ ತೊಡಿಸಿ ರಂಗದ ಮೇಲೆ ಲೇವಡಿ ಮಾಡಿದವನು ಅವನು. ಆದರೆ ಅಗಥಾನನು ಊರು ಬಿಟ್ಟು ಹೋದ ಮೇಲೆ, 405ರ 'ಕಪ್ಪೆಗಳು' ನಾಟಕದಲ್ಲಿ, ಆತನು ಒಳ್ಳೆಯ ಕವಿ, ಗೆಳೆಯರು ಹಂಬಲಿಸುವಂಥವನು ಎಂದು ಪಾತ್ರದ ಬಾಯಲ್ಲಿ ಆಡಿಸಿದ. ನನಗೆ ಇದು ಆ ಬಹುಮಾನಕ್ಕಿಂತ ದೊಡ್ಡದಾಗಿ ತೋರುತ್ತದೆ. ಅಗಥಾನನ ಒಂದು ನಾಟಕವೂ ಇಡಿಯಾಗಿ ಉಳಿದಿಲ್ಲ. ಗೆಳೆಯರ ಈ ಕೂಟ ಉಳಿದಿದೆ. ಆಗ ಪ್ಲೇಟೋ ಇನ್ನೂ ಬಾಲಕ, ಬರೆದದ್ದು ಬಹುಕಾಲದ ಮೇಲೆ. ಕಲ್ಪನೆಯೂ ಬೆರೆತಿರಬೇಕು.

ನಸುಕಿನಲ್ಲಿ ಎಚ್ಚರವಿದ್ದವರು ಮೂವರೇ. ರುದ್ರನಾಟಕ ಬರೆಯಬಲ್ಲವನು ವಿನೋದ ನಾಟಕವನ್ನೂ ಬರೆಯಬಲ್ಲನೆಂದು ಸಾಕ್ರಟೀಸನು ವಾದಿಸುತ್ತಿದ್ದ. ಮೊದಲು ಅರಿಸ್ಟೋಫನೀಸ್, ಬೆಳಕು ಹರಿಯುವಾಗ ಅಗಥಾನ್, ತೂಕಡಿಸಿ ಮಲಗಿದರು. ಸಾಕ್ರಟೀಸನು ಎದ್ದು ಸ್ನಾನಕ್ಕೆ ಹೊರಟುಹೋದ.